ಹದಿನೇಳನೇ ಅಧ್ಯಾಯಕ್ಕೆ ಆದ ಅನ್ಯಾಯ

ಒಳ್ಳೆಯ ಕಾದಂಬರಿಯನ್ನು ಸಿನಿಮಾ ಮಾಡುವವರನ್ನೆಲ್ಲ ಹಿಡಿದು ತಂದು ನಮ್ಮ ಆಫೀಸಿನಲ್ಲಿ ಒಂದು ವಾರ ಕೂರಿಸಬೇಕು. (ನಾನಿರುವುದು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ. ಬೆಳಗಿನಿಂದ ಸಂಜೆಯವರೆಗೆ ಬೈಸಿಕೊಳ್ಳುವುದೇ ಕೆಲಸ.) ಜನ ನಂಬಿಕೊಂಡಿದ್ದು ಬಾರದೆ ಕೆಸರು ಬಂದರೆ ಅವರ ಬಾಯಲ್ಲಿ ಏನು ಬರುತ್ತದೆಂದು ಆಗ ಗೊತ್ತಾಗುತ್ತದೆ.

ಈಗ ಸಿನಿಮಾ ಆಗಿರುವ ಆ ಬಂಗಾಳಿ ಕಾದಂಬರಿ ನಮ್ಮ ಮನೆಯಲ್ಲಿ ಬರೀ ಪುಸ್ತಕವಲ್ಲ, ಸಂವಿಧಾನ. ಮದುವೆಯಾದ ಹೊಸತರಲ್ಲಿ ನನ್ನಾಕೆಗೆ ಕಣ್ಣಿನ ಆಪರೇಷನ್ ಆಗಿ ಹದಿನೈದು ದಿನ ಪಟ್ಟಿ ಕಟ್ಟಿದ್ದರು. ಅದರ ಕನ್ನಡ ಅನುವಾದವನ್ನು ದಿನಕ್ಕೆರಡು ಅಧ್ಯಾಯದಂತೆ ಪಕ್ಕದಲ್ಲಿ ಕೂತು ಓದಿ ಹೇಳಿದವನು ನಾನು. ದೋಣಿ ಕಂಪನಿಯ ಬಡ ಗುಮಾಸ್ತ, ಅವನ ಹೆಂಡತಿ. ಅವಳಿಗೆ ದೂರದೂರಿನ ಶಾಲೆಯಲ್ಲಿ ಕೆಲಸ ಸಿಗುತ್ತದೆ. ಆದರೂ 'ಈ ಅಡುಗೆಮನೆಯ ಕಿಟಕಿಯೇ ನನ್ನ ಜಗತ್ತು' ಎಂದು ಗಂಡನ ಬಳಿಯೇ ಉಳಿಯುತ್ತಾಳೆ. ಆಹಾ! ಇಪ್ಪತ್ತೆರಡು ವರ್ಷಗಳಿಂದ ಆ ಮಾತನ್ನು ನೆಂಟರಿಗೆ, ಸಹೋದ್ಯೋಗಿಗಳಿಗೆ, ಒಮ್ಮೆ ಪೈಪ್ ಒಡೆದಿದೆ ಎಂದು ಅಳುತ್ತ ಬಂದ ಹೆಂಗಸಿಗೂ ಹೇಳಿದ್ದೇನೆ.

ಹೋದ ತಿಂಗಳು ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ನನ್ನಾಕೆಗೆ ಬಡ್ತಿ ಬಂತು. ರೈಲಿನಲ್ಲಿ ಎಂಟು ಗಂಟೆ ದೂರದ ಊರು, ಎರಡು ವರ್ಷ, ಸೋಮವಾರದೊಳಗೆ ಉತ್ತರ.

"ಏನಂತೀರಿ? ಹೋಗಲಾ, ಬೇಡವಾ?" ಎಂದಳು.

ಹೋಗು ಅಂದರೆ ನಾನೂ ಮಗಳೂ ಉಪವಾಸ. (ನನಗೆ ಒಲೆ ಹಚ್ಚಲು ಬರುತ್ತದೆ. ಆಮೇಲೆ ಅದರ ಮೇಲೆ ಏನಿಡಬೇಕು ಎಂಬಲ್ಲಿ ವಿದ್ಯಾಭ್ಯಾಸ ನಿಂತಿದೆ.) ಬೇಡ ಅಂದರೆ ನಾನು ಖಳನಾಯಕ. ಅಷ್ಟರಲ್ಲಿ ಆ ಕಾದಂಬರಿಯ ಸಿನಿಮಾ ಬಿಡುಗಡೆಯಾಯಿತು. ದಿವ್ಯೋಪಾಯ ಹೊಳೆಯಿತು. ಬೇಡ ಅಂತ ನಾನೇಕೆ ಹೇಳಬೇಕು? ಆ ಮಹಾಸಾಧ್ವಿಯೇ ಪರದೆಯ ಮೇಲೆ ಹೇಳಲಿ! ಭಾನುವಾರದ ಆಟಕ್ಕೆ ಮೂರು ಟಿಕೆಟ್ ತಂದೆ.

ಏನು ಹೇಳಲಿ! ಅನ್ನಕ್ಕೆ ಗತಿಯಿಲ್ಲದ ಗುಮಾಸ್ತನಿಗೆ ಕುಸ್ತಿಪಟುವಿನ ತೋಳು. ಲೇಖನಿ ಹಿಡಿಯಬೇಕಾದವನು ಅಂಗಿ ಬಿಚ್ಚಿ ದೋಣಿಯ ಹುಟ್ಟು ಹಾಕುತ್ತಾನೆ. ಮೂರು ದಿನ ಜ್ವರದಲ್ಲಿ ಮಲಗಿದ ನಾಯಕಿಯ ಒಂದು ಕೂದಲೂ ಕದಲಿಲ್ಲ. ನದಿಯ ನೀಲಿಯಂತೂ ಬಟ್ಟೆಗೆ ಹಾಕುವ ನೀಲಿಯನ್ನು ಡಬ್ಬಿ ಸಮೇತ ಸುರಿದ ಹಾಗೆ. ಎಲ್ಲ ಸಹಿಸಿದೆ. ಆದರೆ ಶಾಲೆಯ ಕಾಗದ ಬಂದದ್ದೇ ತಡ, ಅವಳು ಟ್ರಂಕು ತುಂಬಿಕೊಂಡು ರೈಲು ಹತ್ತಿಬಿಟ್ಟಳು! ಗಂಡ ಕೆಲಸ ಬಿಟ್ಟು ಹಿಂದೆಯೇ ಹೋಗಿ ಈರುಳ್ಳಿ ಹೆಚ್ಚುತ್ತ ಹಾಡಲು ಶುರು ಮಾಡಿದ.

"ಥೂ! ಎಲ್ಲಿಂದ ತಂದು ತುರುಕಿದ ಇದನ್ನ ಆ ನಿರ್ದೇಶಕ?" ಎಂದು ಎದ್ದುನಿಂತೆ.

"ಅಪ್ಪಾ, ಮೆತ್ತಗೆ! ಎಲ್ಲರೂ ನಮ್ಮನ್ನೇ ನೋಡ್ತಿದಾರೆ," ಮಗಳು ಅಂಗಿ ಹಿಡಿದೆಳೆದಳು.

"ನೋಡ್ಲಿ ಬಿಡು! ಹದಿನೇಳನೇ ಅಧ್ಯಾಯದಲ್ಲಿ ಸ್ಪಷ್ಟವಾಗಿ..."

ಆಗ ನೆನಪಾಯಿತು. ಹದಿನೇಳನೇ ಅಧ್ಯಾಯವನ್ನು ನಾನು ಓದಿ ಹೇಳಿಯೇ ಇರಲಿಲ್ಲ. ಆವತ್ತು ಮೊದಲೇ ಕಣ್ಣಾಡಿಸಿದಾಗ ಈ ಈರುಳ್ಳಿ ಪ್ರಕರಣ ಕಂಡಿತ್ತು. ಹೊಸ ಹೆಂಡತಿಗೆ ಇಂಥದ್ದು ಕೇಳಿಸಿದರೆ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು (ನನ್ನ ಆರೋಗ್ಯಕ್ಕೆ) ಮೂರು ಅಧ್ಯಾಯ ಹಾರಿಸಿ, ಆ ಕಿಟಕಿಯ ಮಾತನ್ನು ಸ್ವಂತವಾಗಿ ರಚಿಸಿ ಸೇರಿಸಿದ್ದೆ. ಇಪ್ಪತ್ತೆರಡು ವರ್ಷ ಹೇಳಿ ಹೇಳಿ ಕೊನೆಗೆ ನಾನೇ ನಂಬಿಬಿಟ್ಟಿದ್ದೆ! ಆದರೂ ಮನೆ ತಲುಪುವವರೆಗೆ ನಿರ್ದೇಶಕನನ್ನು ಬೈಯುವುದು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಯಾರಾದರೂ ಏನಾದರೂ ಕೇಳಿಬಿಟ್ಟರೆ?

ಚಪ್ಪಲಿ ಬಿಡುತ್ತ ನನ್ನಾಕೆ ಹೇಳಿದಳು: "ನನಗೂ ಹಿಡಿಸ್ಲಿಲ್ಲ ಕಣ್ರೀ."

ಹೋದ ಜೀವ ಬಂತು. "ಅಲ್ವಾ? ಆ ಕಿಟಕಿ ಮಾತೇ ಇಲ್ಲ!"

"ನಿಮ್ಮ ಕಿಟಕಿ ಹಾಳಾಗ್ಲಿ. ಪುಸ್ತಕದಲ್ಲಿ ಅವನು ಪೂರ್ತಿ ಎರಡು ವರ್ಷ ಅಡುಗೆ ಮಾಡ್ತಾನೆ. ಮೊದಲನೇ ತಿಂಗಳು ಕೈ ಸುಟ್ಕೊಂಡು ಕದ್ದು ಅಳ್ತಾನೆ. ಎಷ್ಟು ಚೆನ್ನಾಗಿದೆ ಅದು! ಇವರು ನೋಡಿದ್ರೆ ಒಂದು ಹಾಡಲ್ಲಿ ಮುಗಿಸಿ ಕೈ ತೊಳ್ಕೊಂಡ್ರು."

"ನೀನು... ಓದಿದೀಯಾ?"

"ಪಟ್ಟಿ ಬಿಚ್ಚಿದ ವಾರವೇ."

"ಮತ್ತೆ ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ?"

"ಆ ಮಾತು ಹೇಳೋವಾಗ ನಿಮ್ಮ ಮುಖ ಅರಳ್ತಿತ್ತು. ಪಾಪ, ಯಾಕೆ ಕೆಡಿಸ್ಲಿ ಅಂತ ಸುಮ್ಮನಿದ್ದೆ."

ಮಗಳು ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದಳು. ಅವಳೂ ಓದಿದ್ದಳಂತೆ. ಇಡೀ ಮನೆಯಲ್ಲಿ ಆ ಕಾದಂಬರಿಯನ್ನು ಸರಿಯಾಗಿ ಓದದವನು ನಾನೊಬ್ಬನೇ!

"ಆಯ್ತು," ಎಂದೆ, ಇದ್ದಬದ್ದ ಗಾಂಭೀರ್ಯ ಕೂಡಿಸಿಕೊಂಡು, "ಈಗ ಬಡ್ತಿ ವಿಷಯ ಕೂತು ಯೋಚನೆ ಮಾಡೋಣ."

"ಒಪ್ಪಿಗೆ ಶುಕ್ರವಾರವೇ ಕೊಟ್ಟಾಯ್ತು."

"ಮತ್ತೆ ಹೋಗಲಾ ಬೇಡವಾ ಅಂತ ನನ್ನ ಕೇಳಿದ್ದು?"

"ಮರ್ಯಾದೆಗೆ ರೀ."

ಅವಳು ಹೋಗಿ ಇವತ್ತಿಗೆ ಒಂಬತ್ತು ದಿನ. ಸಿನಿಮಾ ನಾಯಕ ಮೂರು ನಿಮಿಷದಲ್ಲಿ ಅಡುಗೆ ಕಲಿತ. ಮಹಾ ಸುಳ್ಳ! ನನ್ನ ಎರಡು ಬೆರಳಿಗೆ ಬಟ್ಟೆ ಸುತ್ತಿದೆ. ನಿನ್ನೆ ಆಲೂಗಡ್ಡೆಯನ್ನು ಒಂದು ಗಂಟೆ ಬೇಯಿಸಿ, ಉಪ್ಪು ಖಾರ ಹಾಕಿ, ಮಗಳ ತಟ್ಟೆಗೆ ಬಡಿಸಿ ಎದುರಿಗೆ ಕೂತೆ. ಅವಳು ಎರಡು ತುತ್ತು ನುಂಗಿದಳು. ನೀರು ಕುಡಿದಳು. ಮತ್ತೊಮ್ಮೆ ನೀರು ಕುಡಿದಳು.

"ಹೇಗಿದೆ?" ಎಂದೆ.

"ಅಪ್ಪಾ, ಇದರಲ್ಲಿ ಇಂಟರ್‌ವಲ್ ಎಲ್ಲಿ ಬರುತ್ತೆ ಹೇಳು. ನಾನು ಎದ್ದು ಹೋಗ್ಬೇಕು."