ಮಜ್ಜಿಗೆ ಹಂಡೆ ಪಕ್ಕದ ಮೈಕು

ಒಂದು ವೈರು, ಅಷ್ಟೇ. ಹಾಡೋರ ಮೈಕಿಗೆ ಸೇರಬೇಕಿದ್ದ ರೆಕಾರ್ಡಿಂಗ್ ವೈರನ್ನ ಸೌಂಡ್ ಸಿಸ್ಟಮ್ ಲಿಂಗರಾಜು, "ಎಲೆ ಹಾಕೈತೆ, ಊಟಕ್ಕೆ ಬನ್ನಿ" ಅಂತ ಕೂಗೋ ಮೈಕಿಗೆ ಸಿಕ್ಕಿಸಿಬಿಟ್ಟಿದ್ದ. ಆ ಮೈಕು ಇದ್ದದ್ದು ಸ್ಟೇಜಿನ ಹಿಂದೆ, ಮಜ್ಜಿಗೆ ಹಂಡೆ ಪಕ್ಕ.

ಹಾಡಿದೋರು ಸಾಮಾನ್ಯರಲ್ಲ, 'ಕಬಿನಿ ಕೋಗಿಲೆಗಳು'. ಶಿವರುದ್ರಮ್ಮ, ಪುಷ್ಪಾ, ಅಜೀಜುನ್ನೀಸಾ. ಒಂದು ಕಾಲಕ್ಕೆ ಪಾಪ್ ಹಾಡಲ್ಲಿ ಹುಣಸೂರು, ಪಿರಿಯಾಪಟ್ಟಣ ಎಲ್ಲಾ ಕುಣಿಸಿ, ಆಮೇಲೆ ಜಗಳ ಆಡಿ ಹದಿನೆಂಟು ವರ್ಷ ಮಾತು ಬಿಟ್ಟಿದ್ದೋರು. ನಿನ್ನೆ ಎಚ್.ಡಿ. ಕೋಟೆ ಸಮುದಾಯ ಭವನದಲ್ಲಿ ಮತ್ತೆ ಒಂದಾಗಿ ಹಾಡಿದ್ದರು. ಅದೇ ಲೈವ್ ಆಲ್ಬಮ್ ಆಗಬೇಕಿತ್ತು.

ಬೆಳಿಗ್ಗೆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ತನ್ನ ಅಂಗಡೀಲಿ ಲಿಂಗರಾಜು ಪೆನ್‌ಡ್ರೈವ್ ಹಾಕಿದ. ಹಾಡಿಲ್ಲ. ಒಬ್ಬೊಬ್ಬರೇ ಮಜ್ಜಿಗೆಗೆ ಬಂದಾಗಿನ ಲೋಟದ ಸದ್ದು, ಗೊಟಗೊಟ, ಆಮೇಲೆ ಪುಷ್ಪಾ ದನಿ: "ಶಿವರುದ್ರಕ್ಕ ಮೇಲಿನ ಸ್ವರಕ್ಕೆ ಹೋಗೋದು, ಎಮ್ಮೆ ಬೆಟ್ಟದಪುರದ ಮೆಟ್ಲು ಹತ್ತಿದಂಗೆ." ಮತ್ತೆ ಲೋಟ. ಶಿವರುದ್ರಮ್ಮ: "ಪುಷ್ಪಂಗೆ ತಾಳ ಅಂದ್ರೆ ಬಸ್ಸಿದ್ದಂಗೆ. ಅದು ಹೋದ್ಮೇಲೆ ಇವ್ಳು ಓಡ್ತಾಳೆ." ಅಜೀಜುನ್ನೀಸಾ: "ಇವ್ರಿಬ್ರ ಮಧ್ಯೆ ಹಾಡೋದು, ಎರಡು ಮಿಕ್ಸಿ ಮಧ್ಯೆ ಫೋನಲ್ಲಿ ಮಾತಾಡ್ದಂಗೆ."

ಲಿಂಗರಾಜು ಫಟ್ಟಂತ ಆಫ್ ಮಾಡಿದ. ಬೆನ್ನಲ್ಲಿ ಬೆವರು ಕಾಲುವೆ ಬಿಟ್ಟಂಗೆ ಇಳೀತು. ಇದು ಅವರ ಕಿವಿಗೆ ಬಿದ್ದರೆ ಕೋಗಿಲೆಗಳು ಮತ್ತೆ ಮೂರು ದಿಕ್ಕು. ಹಾರೋ ಮುಂಚೆ ಕುಕ್ಕೋದು ಮಾತ್ರ ಅವನನ್ನೇ.

ಎದುರು ಮೊಬೈಲ್ ಅಂಗಡಿ ನಸೀರ್ ಹೇಳಿದ, "ಡಿಲೀಟ್ ಮಾಡು ಅತ್ಲಾಗೆ."

"ಹಾಡೆಲ್ಲಿ ಅಂದ್ರೆ?"

"ಜನ ಫೋನಲ್ಲಿ ಹಿಡ್ದಿರ್ತಾರೆ. ಇಸ್ಕೊಂಬಂದು ಅಂಟ್ಸು."

ಲಿಂಗರಾಜು ಡಿಲೀಟಿಗೆ ಬೆರಳೆತ್ತಿದ. ಫೋನು ಬಂತು. ಶಿವರುದ್ರಮ್ಮ. "ನಾಕ್ ಗಂಟೆಗೆ ಮೂರು ಜನಾನೂ ಬತ್ತೀವಿ ಕಣಪ್ಪ. ಚೆಂದಾಗಿ ಬಂದಿಲ್ಲ ಅಂದ್ರೆ ನಿನ್ನ ಮಾತ್ರ ಬುಡಾಕಿಲ್ಲ."

ಆ ಹೆದರಿಕೆಗೆ ಪೆನ್‌ಡ್ರೈವ್ ಅಲ್ಲೇ ಮರೆತ. ಪಕ್ಕದ ಹೋಟೆಲಿನ ವೀರಭದ್ರಸ್ವಾಮಿಗೆ "ಅಂಗಡಿ ನೋಡ್ಕಳಿ" ಅಂದವನೇ ಸ್ಕೂಟರ್ ಹತ್ತಿದ.

ನಿನ್ನೆ ಮುಂದೆ ಕೂತಿದ್ದ ಸಿದ್ದರಾಜು ಫೋನಲ್ಲಿ ಹಾಡಿತ್ತು, ಅದರ ಮೇಲೆ ಸಿದ್ದರಾಜು ತಾನೂ ಹಾಡಿದ್ದ. ಬೀಚನಹಳ್ಳಿಯ ಪೂಜಾ ಫೋನಲ್ಲಿ ಬರೀ ಪೂಜಾ, ಹಿಂದೆ ಕಡ್ಲೆಕಾಳಿನಷ್ಟು ಕೋಗಿಲೆಗಳು. ಕುಳ್ಳಯ್ಯನ ಫೋನಲ್ಲಿ ಒಂದೂವರೆ ಗಂಟೆ ಜೇಬಿನ ಕತ್ತಲೆ.

ಬರಿಗೈಲಿ ವಾಪಸ್ ಬಂದ. ಹ್ಯಾಂಡ್‌ಪೋಸ್ಟ್ ಸರ್ಕಲ್ಲಲ್ಲಿ ಬಸ್ಸು ನಿಂತಿತ್ತು, ಯಾರೂ ಹತ್ತುತ್ತಿರಲಿಲ್ಲ. ಎಲ್ಲರ ಕಿವಿ ಅವನ ಅಂಗಡಿ ಕಡೆ. ಅವನದೇ ಡಬಲ್ ಸ್ಪೀಕರ್ ಬಾಕ್ಸಿಂದ ಎಮ್ಮೆ ಮೆಟ್ಲು ಹತ್ತುತ್ತಿತ್ತು.

"ಅಕ್ಕೋರು ಬೇಗ ಬಂದ್ರು ಕಣಪ್ಪ," ಅಂದ ವೀರಭದ್ರಸ್ವಾಮಿ, ಏನೋ ಉಪಕಾರ ಮಾಡಿದೋನ ಹಾಗೆ. "ಕಾಯ್ಸದ್ಯಾಕೆ ಅಂತ ನಾನೇ ಆಕ್ದೆ."

ಲಿಂಗರಾಜು ಸ್ಕೂಟರ್ ಅಲ್ಲೇ ಬಿಟ್ಟ. ಒಳಗೆ ಇಣುಕಿದ. ಮೂವರೂ ಸೆರಗು, ದುಪಟ್ಟದಲ್ಲಿ ಕಣ್ಣೊರೆಸ್ಕೊಂಡು ನಗುತ್ತಿದ್ದರು.

"ಲೇ ಪುಷ್ಪಾ, ಇದ್ನ ಆವತ್ತೇ ನನ್ ಮುಂದೆ ಅನ್ನದಲ್ವಾ," ಅಂದರು ಶಿವರುದ್ರಮ್ಮ. "ಒಂದ್ ದಿನ ಬೈದಾಡಿ ಮುಗಿಸ್ತಿದ್ವಿ. ಹದಿನೆಂಟು ವರ್ಸ ಯಾಕೆ ಬೇಕಿತ್ತು?"

"ಹಾಡ್ಗಿಂತ ಇದೇ ಚೆನ್ನಾಗೈತೆ ಕಣಕ್ಕ," ಅಂದರು ಅಜೀಜುನ್ನೀಸಾ. "ಇದ್ನೇ ಆಲ್ಬಮ್ ಮಾಡವಾ."

ಬೆಳಿಗ್ಗೆಯಿಂದ ಕಟ್ಟಿದ್ದ ಉಸಿರು ಲಿಂಗರಾಜುಗೆ ಈಗ ಬಂತು. ಒಳಗೆ ಬಂದವನಿಗೆ ವೀರಭದ್ರಸ್ವಾಮಿ ಟೀ ಕೊಟ್ಟ.

"ಕೂತ್ಕಳಪ್ಪ," ಅಂದರು ಪುಷ್ಪಾ. "ಇನ್ನೂ ಐತೆ."

ಬಾಕ್ಸಲ್ಲಿ ಲೋಟದ ಸದ್ದು. ಈ ಸಲ ಗಂಡಸಿನ ದನಿ.

"ಪುಷ್ಪಕ್ಕ, ನೀವಿದ್ದುದ್ಕೆ ಮರ್ಯಾದೆ ಉಳೀತು. ಶಿವರುದ್ರಮ್ಮೋರ ಮೈಕು ನಾನೇ ಅರ್ಧ ಇಳ್ಸಿವ್ನಿ."

ಲೋಟ. ಅದೇ ದನಿ. "ಶಿವರುದ್ರಮ್ಮೋರೆ, ಹಾಡೋದು ಅಂದ್ರೆ ನೀವೊಬ್ರೇ. ಪುಷ್ಪಕ್ಕಂದು ಇಳ್ಸಿವ್ನಿ, ಯಾರ್ಗೂ ಯೋಳ್ಬೇಡಿ."

ಲೋಟ. "ಅಜೀಜಕ್ಕ, ಅವ್ರಿಬ್ರುದೂ ಇಳ್ಸಿವ್ನಿ. ನಿಮ್ಗೋಸ್ಕರ."

ಮೂವರೂ ನಗು ಬಿಟ್ಟು ಲಿಂಗರಾಜು ಕಡೆ ತಿರುಗಿದರು. ಎದುರಿಗಿದ್ದ ನಸೀರ್ ಸದ್ದಿಲ್ಲದೆ ತನ್ನ ಅಂಗಡಿ ಶಟರ್ ಇಳಿಸಿದ. ಶಿವರುದ್ರಮ್ಮ ಎದ್ದು ಈ ಅಂಗಡಿ ಶಟರನ್ನೂ ಎಳೆದರು, ಒಳಗಿಂದ.

"ಸ್ವಾಮಿಯೋರೆ," ಅಜೀಜುನ್ನೀಸಾ ದನಿ ಜೇನಿನಂಗಿತ್ತು, "ರೆಕಾರ್ಡ್ ಮಾಡೋ ಬಟನ್ ಯಾವ್ದು? ಈಗ ಮಾಡೋದು ಆಲ್ಬಮಿಗೆ ಬೇಕು. ಲೈವಾಗೇ."

"ಆ ಕೆಂಪುದು ಕಣಮ್ಮ," ಅಂದ ವೀರಭದ್ರಸ್ವಾಮಿ, ಲಿಂಗರಾಜು ಕೈಯಿಂದ ಟೀ ಲೋಟ ವಾಪಸ್ ಇಸ್ಕೊಳ್ತಾ.