ನಲವತ್ತೆರಡನೇ ನಂಬರು

ಹತ್ತಿ ಬಿಡಿಸುವ ಕಾಲ. ಗುರುವಾರ ಬೆಳಿಗ್ಗೆ ಏಳರ ಸುಮಾರಿಗೆ ಗಬ್ಬೂರಿನ ತಾಯಪ್ಪ ಗಡ್ಡ ಬೋಳಿಸಲು ಸೋಪು ಹಚ್ಚಿಕೊಂಡು ಕೂತಿದ್ದಾಗ ಪೊಲೀಸರ ಫೋನು ಬಂತು. ಹತ್ತಕ್ಕೆ ರಾಯಚೂರಿನ ಮೈದಾನದಲ್ಲಿ ರೌಡಿಗಳ ಪರೇಡು. ಪಟ್ಟಿಯಲ್ಲಿದ್ದವರೆಲ್ಲ ಬರಬೇಕು.

ಅರವತ್ತೆರಡರ ತಾಯಪ್ಪ ರೌಡಿಯಾದ ಬಗೆ ಇಷ್ಟೇ. ಇಪ್ಪತ್ತೆಂಟು ವರ್ಷದ ಹಿಂದೆ ಕುರಿ ಮಾರಲು ಸಂತೆಗೆ ಹೋದವನು ಯಾರದೋ ಜಗಳ ನೋಡುತ್ತ ನಿಂತಿದ್ದ. ಪೊಲೀಸರು ಬಂದು ಕೈಯಲ್ಲಿ ಕೋಲಿದ್ದವರನ್ನೆಲ್ಲ ಹಿಡಿದರು. ಕುರಿ ಕಾಯುವವನ ಕೈಯಲ್ಲಿ ಕೋಲಲ್ಲದೆ ಕೊಡೆ ಇರುತ್ತದೆಯೆ? ಕೇಸು ಬಿದ್ದುಹೋಯಿತು, ರೌಡಿ ಪಟ್ಟಿಯಲ್ಲಿ ಹೆಸರು ಉಳಿಯಿತು.

ಅವತ್ತೇ ಸಂಜೆ ನಾಲ್ಕಕ್ಕೆ ಮಾನ್ವಿಯಿಂದ ಬೀಗರು ಬರುವವರಿದ್ದರು. ಹುಡುಗ ಸೋದರಮಾವನ ಜೊತೆ ಬಂದು ಮಗಳು ಯಶೋಧಾಳನ್ನು ಮೆಚ್ಚಿ ಹೋಗಿದ್ದ. ಇನ್ನು ಅವನ ಅಪ್ಪ ಹನುಮಂತ್ರಾಯ ಬಂದು ಮಾತು ಮುಗಿಸುವುದೊಂದೇ ಬಾಕಿ. ಪಟ್ಟಿಯ ಸಂಗತಿ ಅವರಿಗೆ ತಿಳಿಯದು.

"ಯಾರರೆ ಕೇಳಿದ್ರ ಮೊಣಕಾಲು ತೋರಿಸಾಕ ಹೋಗ್ಯಾರ ಅಂತೀನಿ. ನಾಕರೊಳಗ ಬಂದುಬಿಡ್ರಿ," ಎಂದಳು ಹೆಂಡತಿ ಬಸ್ಸಮ್ಮ.

ಪಕ್ಕದ ಮನೆಯ ಅಂಜಿನೇಯನಿಗೆ ಗೋಡೆಯಾಚೆಯ ಮಾತೆಲ್ಲ ಕೇಳುತ್ತದೆ. ತನ್ನ ಕರಿ ಕನ್ನಡಕ ತಂದುಕೊಟ್ಟ. "ಕಾಕಾ, ಅಲ್ಲಿ ಪೇಪರಿನೋರು ಫೋಟೋ ಹೊಡಿತಾರ. ಇದನ್ನ ಹಾಕ್ಕೋ, ಮಾರಿ ಕಾಣಂಗಿಲ್ಲ."

ಕಂಡಿತು. ಮೈದಾನದಲ್ಲಿ ನೂರು ಜನ ನಿಂತಿದ್ದರೂ ಪೇದೆಯೊಬ್ಬ ಇವನನ್ನೇ ಕರೆದ. "ಏ ಡಾನ್, ಮುಂದಿನ ಸಾಲಿಗೆ ಬಾ." ಫೋಟೋದವರು ಹಿಂಡಿ ಕಂಡ ಎಮ್ಮೆಗಳಂತೆ ಇತ್ತಲೇ ತಿರುಗಿದರು. ಕನ್ನಡಕ ತೆಗೆಸಿ, ನಲವತ್ತೆರಡು ಎಂದು ಬರೆದ ಸ್ಲೇಟನ್ನು ಕೊರಳಿಗೆ ಕಟ್ಟಿದರು. ತಾಯಪ್ಪ ತಲೆ ಎತ್ತಲಿಲ್ಲ.

ಮಗ್ಗುಲಲ್ಲಿ ನಲವತ್ತೊಂದು, ಬಿಳಿ ಮೀಸೆಯ ಮುದುಕ, ಸೊಂಟ ಹಿಡಿದುಕೊಂಡು ನಿಂತಿದ್ದ.

"ಯಾವೂರ್ರಿ?" ತಾಯಪ್ಪ ಮೆಲ್ಲಗೆ ಕೇಳಿದ.

"ಗಿಲ್ಲೆಸುಗೂರು. ನೀವು?"

"ಮಸರಕಲ್," ಎಂದು ತಾಯಪ್ಪ ಸುಳ್ಳು ಹೇಳಿದ. "ಏನ್ ಮಾಡಿದ್ರಿ?"

"ನಮ್ಮಣ್ಣ ಹೊಡೆದ. ನಾ ಅವನ ತಮ್ಮ ಇದ್ದೆ, ಅಷ್ಟ."

ಇಬ್ಬರೂ ಒಂದೇ ಚೀಲದ ಎಲೆ ಅಡಿಕೆ ಹಾಕಿಕೊಂಡರು.

ಹೊಸದಾಗಿ ಬಂದಿದ್ದ ಪೊಲೀಸ್ ಅಧಿಕಾರಿ ಮೇಡಂ ಒಬ್ಬೊಬ್ಬರನ್ನೇ ವಿಚಾರಿಸುತ್ತ ಬಂದರು. ನಲವತ್ತೊಂದರ ಕಾಗದ ತಿರುವಿ ಪೇದೆಯ ಕಡೆ ನೋಡಿದರು. "ಇಷ್ಟು ವರ್ಷದಲ್ಲಿ ಈತ ಮಾಡಿದ್ದು ಏನೂ ಇಲ್ಲವಲ್ರೀ. ಸಂವಿಧಾನದ ಪ್ರಕಾರ ಏನು ಮಾಡಿದೆ ಅಂತ ಕೇಳಿ ಶಿಕ್ಷೆ ಕೊಡ್ತಾರೆ, ಏನಾಗಿದ್ದೀಯ ಅಂತ ಕೇಳಿ ಅಲ್ಲ. ತೆಗೀರಿ ಹೆಸರು."

ಮುದುಕನ ಕೊರಳಿನ ಸ್ಲೇಟು ಇಳಿಯಿತು. ತಾಯಪ್ಪ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಮೇಡಂಗೆ ಫೋನು ಬಂತು, ಜೀಪು ಹತ್ತಿದರು.

"ನಂದೂ ಹಂಗ ಅದರಿ ಸಾಹೇಬ್ರ," ಎಂದ ಪೇದೆಗೆ.

"ಸೋಮವಾರ ಬಾ."

ನಾಲ್ಕಕ್ಕೆ ತಾಯಪ್ಪ ಮನೆ ಮುಟ್ಟಿದಾಗ ಒಗ್ಗರಣೆ, ಮಿರ್ಚಿಯ ವಾಸನೆ ಓಣಿ ತುಂಬಿತ್ತು. ಸ್ವಲ್ಪ ಹೊತ್ತಿಗೆ ಬೀಗರು ಬಂದರು. ಎಲ್ಲರಿಗಿಂತ ಮುಂದೆ ಸೊಂಟ ಹಿಡಿದುಕೊಂಡು ಹೊಸ್ತಿಲು ದಾಟಿದವನು ನಲವತ್ತೊಂದು.

ಮಸರಕಲ್ ಎಂದವನೂ ಗಿಲ್ಲೆಸುಗೂರು ಎಂದವನೂ ಒಬ್ಬರನ್ನೊಬ್ಬರು ನೋಡಿದರು. ತಾಯಪ್ಪನ ಎದೆ ಹಗುರಾಯಿತು. ಇವನ ಮುಂದೆ ಮುಚ್ಚಿಡುವುದೇನಿದೆ? ತನ್ನಂಥವನೇ. ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋಗಿ, "ಒಳ್ಳೇದಾತು ಬಿಡ್ರಿ, ಇಬ್ಬರದೂ ಒಂದ ಹಾಡು," ಎಂದು ನಕ್ಕ.

ಹನುಮಂತ್ರಾಯ ನಗಲಿಲ್ಲ. "ತಪ್ಪು ತಿಳೀಬ್ಯಾಡ್ರಿ. ನನ್ನ ಹೆಸರು ಇವತ್ತ ಹನ್ನೊಂದೂವರಿಗೆ ಹೋತು. ಇಷ್ಟು ವರ್ಷಕ್ಕ ಮರ್ಯಾದಿ ಬಂದದ. ಪಟ್ಟಿಯಾಗಿನ ಮನಿಯಿಂದ ಹ್ಯಾಂಗ ಹೆಣ್ಣು ತರಲಿ?"

"ನಾ ಏನೂ ಮಾಡಿಲ್ಲರಿ."

"ಗೊತ್ತದ. ನಾನರೆ ಏನ್ ಮಾಡಿದ್ದೆ?"

"ಮತ್ತ?"

"ಮಾಡಿಲ್ಲ ಖರೆ. ಆದ್ರ ಇದ್ದೀರಲ್ಲ."

ಬೀಗರು ತಟ್ಟೆಗಳನ್ನು ಮುಟ್ಟಿದಂತೆ ಮಾಡಿ ಎದ್ದು ಹೊರಟರು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು.

"ಯಾಕ ಎದ್ದು ಹೋದ್ರು ಯಪ್ಪಾ?" ಯಶೋಧಾ ಕೇಳಿದಳು.

ತಾಯಪ್ಪ ನೆಲ ನೋಡುತ್ತ, "ಸೊಂಟ ನೋವಂತವ್ವ," ಎಂದ.

ಬೀಗರು ಗುರುವಾರ ಐದೂವರೆ ಬಸ್ಸಿಗೆ ಹೋದರು. ಸೋಮವಾರ ತಾಯಪ್ಪ ಎಲ್ಲರಿಗಿಂತ ಮೊದಲೇ ರಾಯಚೂರಿಗೆ ಹೋಗಿ ಕಚೇರಿಯ ಮುಂದೆ ನಿಂತ. ಮೇಡಂ ಶನಿವಾರವೇ ವರ್ಗವಾಗಿ ಹೋಗಿದ್ದರು.