ಚಿಕ್ಕಪ್ಪನ ಹಾಯಿದೋಣಿ

ನಮ್ಮ ಚಿಕ್ಕಪ್ಪನಿಗೆ ಬಾರದ ವಿದ್ಯೆ ಎಂಬುದೇ ಇರಲಿಲ್ಲ. ಕಲಿಯದ ವಿದ್ಯೆಗಳು ಬೇಕಾದಷ್ಟಿದ್ದವು, ಅದು ಬೇರೆ ಮಾತು. ‘ಈಜು ಬರುತ್ತಾ?’ ಎಂದು ಯಾರಾದರೂ ಕೇಳಿದರೆ, ‘ಇನ್ನೂ ಈಜಿ ನೋಡಿಲ್ಲ’ ಎನ್ನುತ್ತಿದ್ದರು. ಇಂಥವರು ಎಪ್ಪತ್ತರ ದಶಕದ ಕೊನೆಯಲ್ಲಿ ಹೆಂಡತಿಯನ್ನೂ ಕೂರಿಸಿಕೊಂಡು ಹಾಯಿದೋಣಿ ನಡೆಸುತ್ತೇನೆಂದು ಹೊರಟರೆ ಬುದ್ಧಿ ಹೇಳುವವರು ಯಾರು?

ಕಾರಣವೇನೋ ಇತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಯಂತ್ರದ ಪಕ್ಕ ನಿಂತೂ ನಿಂತೂ ಅವರ ಕಿವಿ ಮಂದವಾಗಿತ್ತು. ರಾಜಗೋಪಾಲನಗರದ ಬಾಡಿಗೆ ಮನೆಗೆ ಬಂದರೆ ಗೋಡೆಯಾಚೆ ಇನ್ನೊಂದು ವರ್ಕ್‌ಶಾಪು, ಅದೂ ಧಡಧಡ. ಹೀಗಾಗಿ ಚಿಕ್ಕಮ್ಮ ಏನು ಹೇಳಬೇಕಾದರೂ ಕೂಗಿಯೇ ಹೇಳಬೇಕು. ‘ರೀ, ಬನಿಯನ್ ತೂತಾಗಿದೆ, ಬಿಚ್ಚಿಡಿ’ ಎಂದರೆ ಬೀದಿಯ ಗಂಡಸರೆಲ್ಲ ತಮ್ಮ ತಮ್ಮ ಬನಿಯನ್ ನೋಡಿಕೊಳ್ಳುತ್ತಿದ್ದರು! ಕೂಗಿ ಹೇಳಲಾಗದ ಮಾತುಗಳನ್ನು ಆಕೆ ಹೇಳುವುದನ್ನೇ ಬಿಟ್ಟಿದ್ದರು. ಚಿಕ್ಕಪ್ಪನಿಗೆ ಅದೇ ಕೊರಗು.

“ಮೋಟಾರಿಲ್ಲದ ಗಾಡಿ, ಜನ ಇಲ್ಲದ ಜಾಗ. ಅಲ್ಲಾದ್ರೂ ಇವಳ ಮಾತು ಕೇಳ್ಸುತ್ತೆ ಕಣೋ” ಎಂದರು, ಅವರ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುತ್ತಿದ್ದ ನನ್ನ ಹತ್ತಿರ.

ವರ್ಗವಾಗಿ ಹೋದ ಅಧಿಕಾರಿಯೊಬ್ಬರು ಹೆಸರಘಟ್ಟದ ಕೆರೆಯ ದಡದಲ್ಲಿ ಬಿಟ್ಟುಹೋಗಿದ್ದ ಪುಟ್ಟ ಹಾಯಿದೋಣಿ ಇವರ ಪಾಲಿಗೆ ಬಂತು. ಸರಿ, ಕಲಿಸುವವರು ಯಾರು?

“ಕಲಿಯೋದೇನಿದೆ ಅದ್ರಲ್ಲಿ? ಗಾಳಿ ಅಂದ್ರೆ ನಮ್ಮ ಕಂಪ್ರೆಸರ್ ತಾನೆ. ಅಲ್ಲಿ ಪೈಪಲ್ಲಿ ಬರುತ್ತೆ, ಇಲ್ಲಿ ಬಿಡಿಯಾಗಿ ಬರುತ್ತೆ.”

ಮೊದಲ ಭಾನುವಾರ ಇಬ್ಬರೂ ಕಾರಿನ ಟ್ಯೂಬಿಗೆ ಗಾಳಿ ತುಂಬಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಚಿಕ್ಕಮ್ಮ ದೋಣಿಯ ಜೊತೆ ಟ್ಯೂಬುಗಳಿಗೂ ಅರಿಶಿನ ಕುಂಕುಮ ಹಚ್ಚಿದರು. ಚಿಕ್ಕಪ್ಪ ಹಿಂದೆ ಚುಕ್ಕಾಣಿ ಹಿಡಿದರು, ಚಿಕ್ಕಮ್ಮ ಎದುರಿಗೆ ಕೂತು ಹಾಯಿಯ ಹಗ್ಗ ಹಿಡಿದರು. ‘ಎಡಕ್ಕೆ ಎಳಿ’ ಎಂದು ಅಪ್ಪಣೆಯಾಯಿತು. ಚಿಕ್ಕಮ್ಮ ತಮ್ಮ ಎಡಕ್ಕೆ ಎಳೆದರು. ದೋಣಿ ಒಂದು ಪ್ರದಕ್ಷಿಣೆ ಹಾಕಿ, ಹೊರಟ ದಡಕ್ಕೇ ಬಂದು ಮೂತಿ ಊರಿತು.

“ನಿಮ್ ಎಡವೋ ನನ್ ಎಡವೋ, ಸರಿಯಾಗಿ ಹೇಳ್ರೀ.”

“ಲೋಕಕ್ಕೆಲ್ಲ ಎಡ ಒಂದೇ ಕಣೇ!”

ಮುಂದಿನ ವಾರದಿಂದ ಎಡಬಲಗಳನ್ನೇ ಕೈಬಿಟ್ಟು ‘ಗುಡಿ ಕಡೆ’, ‘ಬಸ್‌ಸ್ಟಾಪ್ ಕಡೆ’ ಎಂದು ಶುರು ಮಾಡಿದರು. ಏನು ಹೇಳಲಿ, ದೋಣಿ ನೆಟ್ಟಗೆ ಹೋಗತೊಡಗಿತು! ಆದರೆ ಚಿಕ್ಕಮ್ಮನ ಗಂಟಲು ಮಾತ್ರ ಇನ್ನೂ ರಾಜಗೋಪಾಲನಗರದಲ್ಲೇ ಇತ್ತು. ಆಕೆ ‘ರೀ, ಗುಡಿ ಕಡೆ’ ಎಂದರೆ ಕೊಕ್ಕರೆಗಳು ಗಾಬರಿಯಿಂದ ಏಳುತ್ತಿದ್ದವು. ದಡದಲ್ಲಿ ಎಮ್ಮೆ ತೊಳೆಯುತ್ತಿದ್ದವನು, “ಗುಡಿ ಅಂಗಲ್ಲ ಕಣಕ್ಕೋ, ಇಂಗೆ” ಎಂದು ಅಲ್ಲಿಂದಲೇ ತಿದ್ದುತ್ತಿದ್ದ. ಕೆರೆಗೆ ಬಂದರೂ ಕೂಗಾಟ ತಪ್ಪಲಿಲ್ಲವಲ್ಲ ಎಂದು ಚಿಕ್ಕಪ್ಪ ಸಪ್ಪಗಾದರು. ದೋಣಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂಬ ಮಾತೂ ಅವರ ಬಾಯಿಂದ ಬಂತು.

ಅಂಥದ್ದೊಂದು ಭಾನುವಾರ ಸಂಜೆ, ಕೆರೆಯ ನಟ್ಟನಡುವೆ ಗಾಳಿ ಬಿದ್ದುಹೋಯಿತು. ಹಾಯಿ ಒದ್ದೆ ಟವೆಲ್ಲಿನಂತೆ ಜೋತುಬಿತ್ತು. ‘ಹುಟ್ಟು ಹಾಕಿ ಚಿಕ್ಕಪ್ಪ’ ಎಂದು ಅವರ ಜೊತೆ ಬಂದಿದ್ದ ನಾನು ದಡದಿಂದ ಕೂಗಿದೆ. ಅವರು ಹುಟ್ಟು ಮುಟ್ಟಲಿಲ್ಲ. ಚಿಕ್ಕಮ್ಮ ಏನೋ ಕೂಗಲು ಬಾಯಿ ತೆರೆದವರು, ಸುತ್ತಲೂ ನೋಡಿದರು. ಆಮೇಲೆ ಮೆಲ್ಲಗೆ ಮಾತಾಡತೊಡಗಿದರು. ಚಿಕ್ಕಪ್ಪ ಮುಂದಕ್ಕೆ ಬಾಗಿ ಕೇಳುತ್ತಾ ಹೋದರು. ಒಮ್ಮೆ ನಕ್ಕರು, ಒಮ್ಮೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಅಷ್ಟು ವರ್ಷಗಳಲ್ಲಿ ಚಿಕ್ಕಮ್ಮನ ಮಾತು ನನಗೆ ಕೇಳಿಸದೇ ಹೋದದ್ದು ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಗಾಳಿ ಮತ್ತೆ ಬಂತು, ಹಾಯಿ ಉಬ್ಬಿ ದೋಣಿ ದಡದ ಕಡೆ ಹೊರಟಿತು. ಚಿಕ್ಕಪ್ಪ ಎದ್ದು ಹಾಯಿಯನ್ನು ಕೆಳಗಿಳಿಸಿ, ಮತ್ತೆ ಆಕೆಯ ಎದುರಿಗೆ ಕೂತರು.